ಬರಿ ತಕ್ಕಡಿಯ ಭಾರ

ಚಳಿ ಹಿಂದೆಗೆಯುವ ದಿನಗಳು. ಆಲೂಗಡ್ಡೆ ಅಗೆತ ಮುಗಿದು ಬೆಳಿಗ್ಗೆಯಿಂದ ಅಂಗಳದಲ್ಲಿ ತೂಕ ನಡೆದಿತ್ತು. ಯಜಮಾನ ತೂಗುತ್ತಿದ್ದ, ಕೊಳ್ಳಲು ಬಂದ ಅಂಗಡಿಯವ ಮೂಟೆ ಕಟ್ಟಿಸುತ್ತಿದ್ದ, ಯಜಮಾನನ ತಾಯಿ ಅಜ್ಜಿ ಕೊಳೆತ ಗಡ್ಡೆ ಆರಿಸುತ್ತಿದ್ದಳು. ನಡುವೆ, ಹೆಣ್ಣು ಕೇಳಲು ಬಂದ ಸುರಂಗದವ ಸಂತೆಯಲ್ಲಿ ಜೊತೆಗಾರರನ್ನು ಕಳೆದುಕೊಂಡವನಂತೆ ನಿಂತಿದ್ದ.

ಊರಾಚೆ ನೆಲದಡಿಯ ಸುರಂಗದಲ್ಲಿ ಅವನ ಕೆಲಸ. ಅತಿ ಸಣ್ಣ ಕಣಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿ, ಚೆದುರಿದ್ದರ ಅರ್ಥ ಬಿಡಿಸುವುದು. ಯಜಮಾನನ ಮಗಳಿಗೂ ಅವನಿಗೂ ಮನಸ್ಸು ಕೂಡಿತ್ತು. ಯಜಮಾನ ಎಲ್ಲರೆದುರೇ ಮಾತು ಕೊಟ್ಟಿದ್ದ: “ನೋಡಪ್ಪಾ, ನಿನ್ನ ಕೆಲಸ ಏನಂತ ನನಗೆ ಅರ್ಥ ಆದ ದಿನ ಹುಡುಗಿ ನಿನ್ನೋಳು.”

ಸುರಂಗದವ ಶುರುಮಾಡಿದ. ಲೋಕದಲ್ಲಿ ಕಣ್ಣಿಗೆ ಬೀಳದ ಕಪ್ಪು ದ್ರವ್ಯವಿದೆ ಎಂದ. ದ್ರವ್ಯ ಎಂದೊಡನೆ ಅಂಗಡಿಯವನ ಕಿವಿ ನಿಮಿರಿತು. ಕೊಪ್ಪರಿಗೆಯಲ್ಲಿದೆಯೋ ಪೆಟ್ಟಿಗೆಯಲ್ಲಿದೆಯೋ ಎಂದು ವಿಚಾರಿಸಿದ. ಆ ದ್ರವ್ಯವಲ್ಲ, ಡಿಕ್ಕಿಯಾದ ಮೇಲೆ ಎರಡೂ ಕಡೆ ಸರಿದೂಗಬೇಕು, ಒಂದು ಕಡೆ ಕೊರತೆ ಬಿದ್ದರೆ ಕಾಣದ್ದೇನೋ ತಪ್ಪಿಸಿಕೊಂಡಿತೆಂದು ತಿಳಿಯಬೇಕು ಎಂದು ಬಿಡಿಸಿ ಹೇಳಿದ. ಸಿಕ್ಕಿತೇ ಎಂದಳು ಅಜ್ಜಿ. ಇನ್ನೂ ಇಲ್ಲ, ಇಂತಿಂಥ ತೂಕದ್ದು ಇರಲಾರದು ಎಂದಷ್ಟೇ ಗೊತ್ತಾಗಿದೆ ಎಂದ.

“ಇಲ್ಲ ಅಂತ ಹೇಳೋಕೆ ಸಂಬಳ ಕೊಡ್ತಾರಾ ಮಗಾ? ನಾನು ಪುಕ್ಕಟೆ ಹೇಳ್ತಿದ್ನಲ್ಲ,” ಎಂದಳು ಅಜ್ಜಿ.

ಬಾಗಿಲ ಸಂದಿಯಲ್ಲಿದ್ದ ಹುಡುಗಿಯ ಮುಖ ಬಾಡಿತು. ಸುರಂಗದವ ಉಪಾಯಕ್ಕಾಗಿ ಸುತ್ತ ನೋಡಿದ. ಆಗ ಕಣ್ಣಿಗೆ ಬಿತ್ತು ತಕ್ಕಡಿ. ಅದನ್ನು ಬರಿದಾಗಿ ನೋಡಿದವರು ಊರಿನಲ್ಲಿ ಯಾರೂ ಇಲ್ಲವೆಂದು ಅವನಿಗೇನು ಗೊತ್ತು? ಎರಡೂ ತಟ್ಟೆ ಖಾಲಿ ಮಾಡಿಬಿಟ್ಟ.

“ನೋಡಿ ಮಾವ, ಏನೂ ಇಲ್ಲ ಅಂದ್ಮೇಲೆ ಎರಡೂ ಸಮ ನಿಲ್ಲಬೇಕು. ವಾಲಿತು ಅಂದ್ರೆ ಕಾಣದ್ದೇನೋ ಇದೆ ಅಂತ.”

ಗಡ್ಡೆ ಹಾಕುವ ತಟ್ಟೆ ದಡಕ್ಕನೆ ಕೆಳಗಿಳಿಯಿತು. ಸುರಂಗದವ ತಬ್ಬಿಬ್ಬಾದ. ಅವನ ಉದಾಹರಣೆ ಇಷ್ಟು ಚೆನ್ನಾಗಿ ಫಲಿಸಬೇಕಾಗಿರಲಿಲ್ಲ. ನಮ್ಮಲ್ಲಿ ಹೀಗಾದರೆ ಮೊದಲು ಯಂತ್ರವನ್ನೇ ಅನುಮಾನಿಸುತ್ತೇವೆ ಎನ್ನುತ್ತ ತಟ್ಟೆ ಮಗುಚಿದ. ಅಡಿಯಲ್ಲಿ ಡಾಂಬರು ಮೆತ್ತಿ ಅಂಟಿಸಿದ ಸೀಸದ ಕರೀ ಗಟ್ಟಿ.

ಇಷ್ಟು ವರ್ಷ ತಾನು ಗಡ್ಡೆಯ ಬೆಲೆಗೆ ಕೊಂಡ ಕಪ್ಪು ದ್ರವ್ಯ ಇದೇ ತಾನೇ ಎಂದು ಅಂಗಡಿಯವ ಮೆಲ್ಲಗೆ ಕೇಳಿದ. ತನಗೂ ಅರ್ಥವಾಯಿತೆಂದಳು ಅಜ್ಜಿ. ಹುಡುಗಿ ಹೊಸ್ತಿಲು ದಾಟಿಯೇ ಬಂದಳು.

“ನಿಮಗೆ ಅರ್ಥ ಆಯ್ತಾ ಮಾವ?” ಎಂದ ಸುರಂಗದವ.

ಯಜಮಾನ ಗಟ್ಟಿಯನ್ನು ನೋಡಿದ, ಅಂಗಡಿಯವನನ್ನು ನೋಡಿದ. ಅರ್ಥವಾಯಿತೆಂದರೆ ಮಗಳ ಹಿಂದೆಯೇ ಮಾನವೂ ಹೊರಟುಹೋಗುತ್ತದೆ.

“ಇಲ್ಲಪ್ಪ,” ಎಂದ, ಎಳೆಗೂಸಿನ ಮುಖ ಮಾಡಿ. “ಇದೇನು, ಇಲ್ಲಿಗೆ ಹೆಂಗೆ ಬಂತು, ಒಂದೂ ತಿಳೀಲಿಲ್ಲ. ಈ ಜನ್ಮದಲ್ಲಿ ತಿಳಿಯೋ ಹಾಗೂ ಕಾಣಲ್ಲ.”

ಕೊಟ್ಟ ಮಾತು ಬಾಕಿ ಉಳಿಯಿತು. ಸುರಂಗದವ ಪಾಪ, ತಟ್ಟೆಯನ್ನು ಇನ್ನಷ್ಟು ಬೆಳಕಿಗೆ ಹಿಡಿದು, ಮೊದಲಿನಿಂದ ಮತ್ತೆ ವಿವರಿಸತೊಡಗಿದ.