ಬಾಯಿಗೂ ಒಂದು ರೋಜಾ

ನಾನು ಹಸಿವಿಗೆ ಹೆದರುವವಳಲ್ಲ. ಸುರಪುರದಲ್ಲಿ ಹುಟ್ಟಿ ಶಹಾಪುರಕ್ಕೆ ಸೊಸೆಯಾಗಿ ಬಂದವಳು ನಾನು, ಎರಡೂ ಊರಿನ ಬಿಸಿಲು ಚೆನ್ನಾಗಿ ಗೊತ್ತು. ರಂಜಾನ್‌ನಲ್ಲಿ ರೋಜಾದ ಉಪವಾಸಕ್ಕೆ ಮುಂಚೆ, ನಸುಕಿನ ಸಹರಿಗೆ ಎರಡು ಜೋಳದ ರೊಟ್ಟಿ ತಿಂದು ಒಂದು ಚೆಂಬು ನೀರು ಕುಡಿದೆನೆಂದರೆ ಮುಗಿಯಿತು, ಸಂಜೆಯ ಅಜಾನ್ ಆಗುವವರೆಗೆ ನೀರಿನ ಕೊಡದ ಕಡೆ ತಿರುಗಿಯೂ ನೋಡುವುದಿಲ್ಲ. ನನ್ನ ಕಷ್ಟವೆಲ್ಲ ಬಾಯಿಯ ಇನ್ನೊಂದು ಕೆಲಸದ್ದು, ಅಂದರೆ ಮಾತಿನದು. ಅಲ್ಲಾಹನು ನನಗೆ ಹೊಟ್ಟೆಯನ್ನು ಚಿಕ್ಕದಾಗಿ ಕೊಟ್ಟು ನಾಲಿಗೆಯನ್ನು ಧಾರಾಳವಾಗಿ ಕೊಟ್ಟಿದ್ದಾನೆ.

ಅದರ ಮೇಲೆ ನನ್ನ ಕಸುಬೂ ಅಂಥದ್ದೇ. ನಾನು ಹೆಂಗಸರ ಬಟ್ಟೆ ಹೊಲಿಯುವವಳು. ಪಡಸಾಲೆಯಲ್ಲಿ, ಬಾಗಿಲ ಪಕ್ಕದಲ್ಲೇ ನನ್ನ ಮಿಷಿನ್. ಸುಮ್ಮನೆ ಬಟ್ಟೆ ಕೊಟ್ಟು ಸುಮ್ಮನೆ ಹೋದ ಹೆಣ್ಣುಮಗಳನ್ನು ನಾನು ಇದುವರೆಗೆ ಕಂಡಿಲ್ಲ. ರವಿಕೆಯ ಜಂಪರ್ ಪೀಸಿನ ಜೊತೆಗೆ ಒಂದು ಸುದ್ದಿ ಇರಲೇಬೇಕು. ಅಳತೆ ತೆಗೆಯುವಾಗ ಅರ್ಧ ಹೇಳುತ್ತಾರೆ, ಉಳಿದರ್ಧ ಹೊಲಿದದ್ದನ್ನು ಒಯ್ಯಲು ಬಂದಾಗ. ಆ ಉಳಿದರ್ಧ ಕೇಳುವ ಆಸೆಗೇ ನಾನು ಎಷ್ಟೋ ಜಂಪರ್‌ಗಳನ್ನು ಬೇಗ ಬೇಗ ಹೊಲಿದದ್ದುಂಟು.

ಈ ಸಲ ರಂಜಾನ್ ಶುರುವಾದ ಹೊಸದರಲ್ಲೇ ಮಸೀದಿಯ ಮೈಕಿನಲ್ಲಿ ಮೌಲಾನಾ ಅವರ ಪ್ರವಚನ, ಬಯಾನ್, ಕೇಳಿಸಿತು. ಬೆನ್ನ ಹಿಂದೆ ಆಡಿಕೊಳ್ಳುವುದೇ ಗೀಬತ್, ಅದನ್ನು ಮಾಡುವುದು ಹಾಗಿರಲಿ, ಕಿವಿಗೊಟ್ಟು ಕೇಳಿದರೂ ಪಾಪ. ಹಾಗೆ ಮಾಡಿದವರ ರೋಜಾದಲ್ಲಿ ಹಸಿವು ಬಾಯಾರಿಕೆ ಬಿಟ್ಟು ಬೇರೇನೂ ಉಳಿಯುವುದಿಲ್ಲ ಎಂದರು. ಇಷ್ಟು ವರ್ಷ ಹಿಡಿದ ರೋಜಾಗಳ ಸವಾಬ್ ಎಲ್ಲ ಈ ಮಿಷಿನ್ ಪಕ್ಕದಲ್ಲೇ ಸೋರಿಹೋಗಿದೆಯೇ? ಈ ತಿಂಗಳ ಪುಣ್ಯವನ್ನಾದರೂ ಇಡಿಯಾಗಿ ಉಳಿಸಿಕೊಳ್ಳಲೇಬೇಕು ಎಂದು ಹಟ ತೊಟ್ಟೆ. ಉಪಾಯವೂ ಹೊಳೆಯಿತು. ಯಾರಾದರೂ ಸುದ್ದಿ ಎತ್ತಿದ ಕೂಡಲೇ ಜೋರಾಗಿ ಪೆಡಲ್ ತುಳಿಯುವುದು! ನನ್ನ ಮಿಷಿನ್ ನನ್ನ ಅತ್ತೆಯ ಕಾಲದ್ದು. ಅದು ಓಡಿದರೆ ಎದುರು ಕೂತವರ ತುಟಿ ಆಡುವುದಷ್ಟೇ ಕಾಣುತ್ತದೆ.

ಉಪಾಯಕ್ಕೆ ಮೊದಲು ಸಿಕ್ಕವರು ಎದುರು ಮನೆಯ ಶರಣಮ್ಮಕ್ಕ. ಹಿರಿಯರು, ಹಣೆ ತುಂಬ ವಿಭೂತಿ, ಮನಸ್ಸು ಬೆಣ್ಣೆ, ಬಾಯಿ ಮಾತ್ರ ನನ್ನದರ ಹಾಗೆಯೇ. ಅವರ ಜಂಪರ್‌ಗೆ ತೋಳು ಹಚ್ಚುತ್ತಿದ್ದೆ. ಬಂದು ಕೂತವರೇ, "ಏ ಮಾಬೂಬಿ, ಕೇಳಿದೇನ? ಮೂಲಿಮನಿ ಸೊಸಿ ತವರಿಗೆ ಹೋಗ್ಯಾಳಂತ. ಯಾಕ ಹೋಗ್ಯಾಳ ಅಂದ್ರ..." ಎಂದರು. ನಾನು ಪೆಡಲ್ ತುಳಿದೆ! ಯಾಕೆ ಹೋದಳೆಂದು ನನ್ನನ್ನು ಕೇಳಬೇಡಿ, ನಿಜವಾಗಿಯೂ ನನಗೆ ಗೊತ್ತಿಲ್ಲ. ಅವರು ದನಿ ಏರಿಸಿದರು, ನಾನು ವೇಗ ಏರಿಸಿದೆ. ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು, ನಾನು ಕಣ್ಣು ಮುಚ್ಚಿ ತುಳಿದೆ. ಕೊನೆಗೆ ಅವರು ಬೇಸತ್ತು, "ಮುಗೀತೇನ ಅದು? ಕೊಡು ಇಲ್ಲಿ, ಅಳತಿ ನೋಡ್ತೀನಿ" ಎಂದು ಜಂಪರ್ ಕಸಿದುಕೊಂಡು ತೊಟ್ಟಿದ್ದರ ಮೇಲೆಯೇ ಹಾಕಿಕೊಳ್ಳಲು ಹೋದರು. ಒಂದು ಕೈ ಒಳಗೆ ಹೋಯಿತು, ಹೊರಗೆ ಬರಲಿಲ್ಲ. "ಮಾಬೂಬಿ, ಈ ಕೈ ಎಲ್ಲಿಂದ ಹೊರಗ ತಗೀಲವ್ವ?" ಎಂದು ಗಾಬರಿಯಾಗಿ ಪಡಸಾಲೆಯ ತುಂಬ ಕೈ ಆಡಿಸುತ್ತ ತಿರುಗಿದರು. ಕಣ್ಣು ಮುಚ್ಚಿ ಹೊಲಿದ ಪ್ರತಾಪ! ತೋಳಿನ ತುದಿಯನ್ನು ಎರಡೆರಡು ಸಲ ಹೊಲಿದು ಮುಚ್ಚಿಬಿಟ್ಟಿದ್ದೆ.

ಜಂಪರ್ ಕೆಟ್ಟರೂ ನನಗೆ ಹಿಡಿಸಲಾರದಷ್ಟು ಖುಷಿ. ಸವಾಬ್ ಉಳಿದಿತ್ತಲ್ಲ! ಸಂಜೆ ನಮ್ಮವರು ಯಾದಗಿರಿಯ ಬೀಜದ ಅಂಗಡಿಯ ಕೆಲಸ ಮುಗಿಸಿ ಬಸ್ಸಿಳಿದು ಬಂದರು. ಖರ್ಜೂರ, ಕಲ್ಲಂಗಡಿ, ಬಿಸಿ ಭಜಿ ಎಲ್ಲ ಮುಂದಿಟ್ಟುಕೊಂಡು ಅಜಾನ್‌ಗಾಗಿ ಕಾಯುತ್ತ ಕೂತೆವು. ಸುಮ್ಮನೆ ಕಾಯುವುದೇಕೆಂದು ನನ್ನ ಗೆಲುವನ್ನು ಹೇಳಿದೆ. ಹೇಳಿದರೆ ಸಾಕೇ? ಎದ್ದು ನಿಂತು ಶರಣಮ್ಮಕ್ಕ ಕೈ ಆಡಿಸಿದ್ದನ್ನು ಆಡಿಸಿ ತೋರಿಸಿದೆ. ನಮ್ಮವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಇನ್ನೊಮ್ಮಿ ಮಾಡು, ಇನ್ನೊಮ್ಮಿ" ಎಂದರು. ಎರಡನೇ ಸಲ ಕೈ ಮೇಲೆತ್ತಿದವಳು ಹಾಗೇ ನಿಂತುಬಿಟ್ಟೆ. ನಾನು ಈಗ ಮಾಡುತ್ತಿರುವುದೇನು? ಇದೇ ಗೀಬತ್ ಅಲ್ಲವೇ! ಅದೂ ಅಜಾನ್‌ಗೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ! ದಿನವಿಡೀ ಕಾದ ಹಾಲನ್ನು ಇಳಿಸುವ ಹೊತ್ತಿಗೆ ಉಕ್ಕಿಸಿದಂತಾಯಿತು. ಅಂದಿನ ಖರ್ಜೂರ ನನಗೆ ಸಿಹಿ ಅನಿಸಲೇ ಇಲ್ಲ.

ಆಡಿಕೊಂಡ ಪಾಪ ಕಳೆಯಬೇಕಾದರೆ ಯಾರನ್ನು ಆಡಿಕೊಂಡೆವೋ ಅವರಿಂದಲೇ ಮಾಫಿ ಪಡೆಯಬೇಕು ಎನ್ನುತ್ತಾರೆ. ಮರುದಿನ ಸಂಜೆ ಒಂದು ತಟ್ಟೆ ಭಜಿ ಹಿಡಿದು, ಕಾಲೆಳೆಯುತ್ತ ಎದುರು ಮನೆಗೆ ಹೋದೆ. "ಅಕ್ಕಾ, ನನ್ನ ಮಾಫ್ ಮಾಡ್ರಿ" ಎಂದೆ.

"ಜಂಪರ್ ಹೋದ್ರ ಹೋತ್ಯಾಳ, ತೋಳ ಬಿಚ್ಚಿ ಹೊಲದ್ರಾತು."

"ಅದಲ್ರಿ. ನಿಮ್ಮ ಬಗ್ಗೆ ಆಡ್ಕೊಂಡೀನಿ."

ಶರಣಮ್ಮಕ್ಕನ ಮುಖ ಅರಳಿತು. "ನನ್ನ ಬಗ್ಗೆ? ಬಾ, ಕುಂದ್ರು ಬಾ. ಯಾರ ಮುಂದ? ಏನಂದಿ?"

"ಅದನ್ನ ಮತ್ತ ಹೇಳಬಾರದ್ರಿ, ರೋಜಾ ಐತಿ."

"ಏನಂದಿ ಅನ್ನೂದು ಗೊತ್ತಾಗ್ಲಾರದ ಹೆಂಗ ಮಾಫ್ ಮಾಡ್ಲವ್ವ? ಮಾಡಿ ತೋರಿಸು, ಆಮ್ಯಾಲ ನೋಡೂಣು."

ಮಾತು ನ್ಯಾಯವಾಗಿಯೇ ಇತ್ತು. ಮುಖದೆದುರು ಮಾಡಿದರೆ ಬೆನ್ನ ಹಿಂದೆ ಹೇಗಾದೀತು? ಎಲ್ಲ ಮಾಡಿ ತೋರಿಸಿದೆ, ನಮ್ಮವರು ನಕ್ಕದ್ದನ್ನೂ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ಹಂಗಲ್ಲ, ನಾ ಎಡಗೈ ತೂರಿಸಿದ್ದೆ" ಎಂದು ತಾವೇ ಎದ್ದು ತಿದ್ದಿದರು. ತುಂಬು ಮನಸ್ಸಿನಿಂದ ಮಾಫಿಯೂ ಸಿಕ್ಕಿತು. ಎದೆ ಹೂವಿನಷ್ಟು ಹಗುರವಾಯಿತು. ಆಗಲೇ ನಾನು ಎದ್ದು ಬರಬೇಕಾಗಿತ್ತು.

"ಅಲ್ಲ, ನಿಮ್ಮವರು ನಕ್ರು ಅಂದೆಲ್ಲ, ಅವರು ನಗೂದು ನಾ ನೋಡೇ ಇಲ್ಲ. ಹೆಂಗ ನಗತಾರ?" ಎಂದರು ಶರಣಮ್ಮಕ್ಕ.

ಹೆಗಲು ಕುಣಿಸಿ, ಮೂಗಿನಲ್ಲಿ ಗುಯ್ಗುಟ್ಟಿ, ನಮ್ಮವರು ನಗುವುದನ್ನು ತೋರಿಸಿದೆ. ಅದು ಚೆನ್ನಾಗಿ ಬಂತು ಎಂದರು ಶರಣಮ್ಮಕ್ಕ. ಆ ಹುರುಪಿನಲ್ಲಿ ನಮ್ಮವರ ಗೊರಕೆಯನ್ನೂ ತೋರಿಸಿದೆ. ಸಹರಿಗೆ ಎಬ್ಬಿಸಿದರೆ "ಎದ್ದೀನಿ, ಎದ್ದೀನಿ" ಎನ್ನುತ್ತ ಮಗ್ಗಲು ಬದಲಿಸುವುದನ್ನೂ ತೋರಿಸಿದೆ. ಶರಣಮ್ಮಕ್ಕ ಭಜಿ ತಿಂದು ತಟ್ಟೆ ಖಾಲಿ ಮಾಡಿದ ಮೇಲೇ ನನಗೆ ಎಚ್ಚರವಾಯಿತು.

ಮನೆಗೆ ಬಂದರೆ ನಮ್ಮವರು ಆಗಲೇ ಬಂದು ಬಾಗಿಲಲ್ಲೇ ನಿಂತಿದ್ದರು. "ಅಕ್ಕಾರು ಮಾಫ್ ಮಾಡಿದ್ರೇನು?" ಎಂದು ಕೇಳಿದರು.

"ಅವರು ಮಾಡಿದ್ರು. ಈಗ ನೀವು ಮಾಡಬೇಕ್ರಿ."

"ನಾ? ನಾ ಯಾಕ? ಅಲ್ಲಿ ಏನ್ ಹೇಳಿ ಬಂದಿ?"

ನಾನು ನೆಟ್ಟಗೆ ಹೋಗಿ ಮಿಷಿನ್ ಮುಂದೆ ಕೂತು ಜೋರಾಗಿ ಪೆಡಲ್ ತುಳಿಯತೊಡಗಿದೆ. ಅವರ ತುಟಿ ಆಡುತ್ತಲೇ ಇತ್ತು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.