ದೂರದ ಕ್ಯಾಮರಾ, ಹತ್ತಿರದ ಕ್ಯಾಮರಾ

ತನಗೆ ಫೋಟೊ ತೆಗೆಯುವ ಹುಚ್ಚಿದೆ ಎಂಬ ಸಂಗತಿ ನೌಮಾನನಿಗೆ ಗೊತ್ತಾದದ್ದು ಹರಿಹರದಲ್ಲಿ, ಹೆಣ್ಣಿನ ಮನೆಯಲ್ಲಿ, ಬಾಯಲ್ಲಿ ಅರ್ಧ ಸಮೋಸ ಇದ್ದಾಗ.

ಹೇಳಿದವಳು ಅವನ ಚಿಕ್ಕಮ್ಮ ಖೈರುನ್ನೀಸಾ. ದಾವಣಗೆರೆಯ ಬಜಾರಿನಲ್ಲಿ ಗುಂಡಿ, ಜಿಪ್ಪು, ಲೈನಿಂಗ್ ಬಟ್ಟೆ ಮಾರುವ ಹುಡುಗ ಎಂದಷ್ಟೇ ಹೇಳಿದರೆ ಗಂಡು ತೀರಾ ಸಪ್ಪೆಯಾಗಿ ಕಾಣುತ್ತಾನೆ ಎಂಬುದು ಅವಳ ಚಿಂತೆ. ಹಿಂದೆ ನೋಡಿದ ಮನೆಯವರೆಲ್ಲ ಹೊಟ್ಟೆ ತುಂಬ ತಿಂಡಿ ಕೊಟ್ಟು, "ತಿಳಿಸ್ತೀವ್ರಿ" ಎಂದು ಕಳಿಸಿ, ಏನೂ ತಿಳಿಸದೆ ಉಳಿದಿದ್ದರು. ಆದ್ದರಿಂದ ಈ ಸಲ ಅವಳು ಯಾರನ್ನೂ ಕೇಳದೆ ಒಂದು ಒಗ್ಗರಣೆ ಹಾಕಿಬಿಟ್ಟಿದ್ದಳು.

ಒಗ್ಗರಣೆ ಹತ್ತಿಕೊಂಡಿತು. ಹುಡುಗಿ ಸನೋಬರ್ ತಲೆಯೆತ್ತಿ ನೌಮಾನನನ್ನು ಮೊದಲ ಸಲ ಸರಿಯಾಗಿ ನೋಡಿದಳು. ಅವಳು ಮದುವೆಮನೆಗಳಿಗೆ ಹೋಗಿ ಮದುಮಗಳ ಕೈಗೆ ಮೆಹಂದಿ ಬಿಡಿಸುವವಳು. ತಾನು ಬಿಡಿಸಿದ್ದರ ಚಿತ್ರ ತೆಗೆದಿಡಬೇಕೆಂಬ ಆಸೆ ಅವಳಿಗೆ. ಅದಲ್ಲದೆ ಅವರ ಮನೆಯ ತಾರಸಿಯ ಎದುರಿಗೇ ತುಂಗಭದ್ರೆ. ಅಲ್ಲಿ ಬಂದು ಕೂರುವ ಹಕ್ಕಿಗಳ ಚಿತ್ರವೂ ಬೇಕು. ಮೊಬೈಲಿನಲ್ಲಿ ತೆಗೆದರೆ ಹಕ್ಕಿ ಎಳ್ಳುಕಾಳಿನಷ್ಟು ಕಾಣುತ್ತಿತ್ತು, ಮೆಹಂದಿ ಕೆಸರಿನಂತೆ ಕಾಣುತ್ತಿತ್ತು.

ಅಲ್ಲಿಯವರೆಗೆ ಉರ್ದುವಿನಲ್ಲಿ ನಡೆದಿದ್ದ ಮಾತು ಕ್ಯಾಮರಾದ ಹೆಸರೆತ್ತಿದೊಡನೆ ಕನ್ನಡಕ್ಕೆ ಹೊರಳಿತು.

"ನಿಮಗೆ ಗೊತ್ತಿರುತ್ತಲ್ರಿ, ಅದಕ್ಕೇ ಕೇಳ್ತೀನಿ," ಎಂದಳು ಸನೋಬರ್. "ಬ್ರಿಡ್ಜ್ ಕ್ಯಾಮರಾ ತಗೊಳ್ಳಾದು ಒಳ್ಳೇದೋ, ದೊಡ್ಡ ಸೆನ್ಸರ್ ಇರೋ ಸಣ್ಣ ಕ್ಯಾಮರಾ ಒಳ್ಳೇದೋ?"

ನೌಮಾನನ ಬಾಯಲ್ಲಿದ್ದ ಸಮೋಸ ಅರ್ಧದಲ್ಲಿ ಸಿಕ್ಕಿಕೊಂಡ ಜಿಪ್ಪಿನಂತಾಯಿತು. ಮೇಲೂ ಬರಲಿಲ್ಲ, ಕೆಳಗೂ ಇಳಿಯಲಿಲ್ಲ. ಕೊನೆಗೆ ನೀರು ಕುಡಿದು, ಇದು ಹಾಗೆಲ್ಲ ಕೂತಲ್ಲೇ ಹೇಳುವ ಮಾತಲ್ಲ, ಎರಡನ್ನೂ ಇನ್ನೊಮ್ಮೆ ಹಿಡಿದು ನೋಡಿ ಸಂಜೆ ಹೇಳುತ್ತೇನೆ ಎಂದ. ಅವಳ ತಂದೆ ಮೌಲಾ ಸಾಬರಿಗೆ ಈ ಗಾಂಭೀರ್ಯ ಬಹಳ ಹಿಡಿಸಿತು. ಸಂಜೆ ಚಹಾಕ್ಕೆ ಬರಲು ಹೇಳಿದರು. ಖೈರುನ್ನೀಸಾ ಮಾತ್ರ ಏಳಲಿಲ್ಲ. ಹೋಗಿ ಬರುವ ಬಸ್ಸಿನ ಖರ್ಚು ಯಾಕೆ ಎಂದು ಅಲ್ಲೇ ಉಳಿದಳು.

ದಾವಣಗೆರೆಗೆ ವಾಪಸು ಬರುವ ಬಸ್ಸಿನಲ್ಲಿ ನೌಮಾನನ ತಲೆಯಲ್ಲಿ ಕ್ಯಾಮರಾ ಇರಲಿಲ್ಲ, ಸನೋಬರ್ ಇದ್ದಳು. ಇಷ್ಟು ದಿನ ಹೆಣ್ಣಿನ ಮನೆಗಳಲ್ಲಿ ಅವನನ್ನು ವಯಸ್ಸು, ವ್ಯಾಪಾರ, ಬಿ.ಪಿ. ಕೇಳಿದ್ದರು. ಒಬ್ಬಳು ಹುಡುಗಿ ಅವನ ಅಭಿಪ್ರಾಯ ಕೇಳಿದ್ದು ಇದೇ ಮೊದಲು. ಬಸ್ಸು ಬಾತಿ ಗ್ರಾಮ ದಾಟುವಷ್ಟರಲ್ಲಿ ಅವನು ಮದುವೆಯಾದರೆ ಇವಳನ್ನೇ ಎಂದು ನಿಶ್ಚಯಿಸಿಬಿಟ್ಟಿದ್ದ. ಉಳಿದಿದ್ದದ್ದು ಉತ್ತರವೊಂದೇ.

ಅವನ ಅಂಗಡಿಯ ಪಕ್ಕದಲ್ಲೇ ಸುಷ್ಮಾಳ ಫೋಟೊ ಸ್ಟುಡಿಯೊ ಇತ್ತು. ಸುದ್ದಿ ಕೇಳಿ ಸುಷ್ಮಾ ಮೊದಲು ಒಂದಷ್ಟು ನಕ್ಕಳು. ಆಮೇಲೆ ಬೀರುವಿನಿಂದ ಎರಡು ಕ್ಯಾಮರಾ ತೆಗೆದು ಮೇಜಿನ ಮೇಲಿಟ್ಟಳು. ಬ್ರಿಡ್ಜ್ ಕ್ಯಾಮರಾ ಮೊಸಳೆಯ ಮೂತಿಯಂತೆ ಮುಂದಕ್ಕೆ ಚಾಚಿಕೊಂಡಿತ್ತು. ಇನ್ನೊಂದು ಸೋಪಿನ ಡಬ್ಬಿಯಷ್ಟಿತ್ತು. ಸೋಪಿನ ಡಬ್ಬಿಯೇ ಮೇಲು ಎಂಬುದು ಅವಳ ವಾದ. ಮಳೆ ಬರುವಾಗ ಅಂಗಳದಲ್ಲಿ ಲೋಟ ಇಟ್ಟರೆ ಎಷ್ಟು ನೀರು ಸಿಗುತ್ತದೆ, ಬಕೆಟ್ ಇಟ್ಟರೆ ಎಷ್ಟು ಸಿಗುತ್ತದೆ, ಬೆಳಕೂ ಹಾಗೆಯೇ. ಸೆನ್ಸರ್ ಅಂದರೆ ಬೆಳಕು ಹಿಡಿಯುವ ಪಾತ್ರೆ, ಈ ಸಣ್ಣದರ ಹೊಟ್ಟೆಯಲ್ಲಿ ಬಕೆಟ್ ಇದೆ, ಆ ಉದ್ದ ಮೂತಿಯದರ ಹೊಟ್ಟೆಯಲ್ಲಿರುವುದು ಬರೀ ಲೋಟ, ಕತ್ತಲಿನ ಕೋಣೆಯಲ್ಲಿ ತೆಗೆದರೆ ಚಿತ್ರ ರವೆ ರವೆಯಾಗಿ ಬರುತ್ತದೆ ಎಂದು ವಿವರಿಸಿದಳು. ನೌಮಾನನಿಗೆ ಬಕೆಟ್ ಅರ್ಥವಾಯಿತು.

ಅಷ್ಟರಲ್ಲಿ ಕೆಂಚವೀರಪ್ಪ ಬಂದರು. ಅವರು ಲೋಕೋಪಯೋಗಿ ಇಲಾಖೆಯಲ್ಲಿ ಓವರ್ಸಿಯರ್ ಆಗಿದ್ದು ನಿವೃತ್ತರಾದವರು. ದಿನಾ ನೌಮಾನನ ಅಂಗಡಿಯ ಪೇಪರನ್ನು ನೌಮಾನನಿಗಿಂತ ಮೊದಲು ಓದುವವರು. ಪ್ರಶ್ನೆ ಕೇಳುತ್ತಲೇ ಅವರ ಬೆನ್ನು ನೆಟ್ಟಗಾಯಿತು.

"ಬ್ರಿಡ್ಜ್ ಕ್ಯಾಮರಾ ಅಂದ್ರೆ ಬ್ರಿಡ್ಜ್ ತೆಗಿಯೋ ಕ್ಯಾಮರಾ. ಬ್ರಿಡ್ಜ್ ಬಗ್ಗೆ ಈ ಓಣಿಯಾಗ ನನಗಿಂತ ತಿಳಿದೋರು ಯಾರದಾರೆ ಹೇಳು ನೋಡೋಣ."

ಅದು ಆ ಬ್ರಿಡ್ಜ್ ಅಲ್ಲ, ಸಣ್ಣ ಕ್ಯಾಮರಾಕ್ಕೂ ದೊಡ್ಡ ಕ್ಯಾಮರಾಕ್ಕೂ ನಡುವಿನದು ಎಂಬ ಅರ್ಥದಲ್ಲಿ ಆ ಹೆಸರು ಎಂದು ಸುಷ್ಮಾ ತಿಳಿಸಿ ಹೇಳಲು ನೋಡಿದಳು. ನಡುವಿನದಕ್ಕೇ ಬ್ರಿಡ್ಜ್ ಅನ್ನುವುದು, ನಾನು ಹೇಳಿದ್ದೂ ಅದೇ ಎಂದರು ಕೆಂಚವೀರಪ್ಪ. ಎರಡನ್ನೂ ಹರಿಹರದ ಸೇತುವೆಯ ಮೇಲೆ ಪರೀಕ್ಷೆ ಮಾಡಿಯೇ ತೀರಬೇಕೆಂದು ಹಟ ಹಿಡಿದರು. ಹೇಗಿದ್ದರೂ ಸಂಜೆ ಆ ಊರಿಗೇ ಹೋಗಬೇಕಲ್ಲ ಎಂದು ನೌಮಾನ್ ಒಪ್ಪಿಕೊಂಡ. ಜೀವನದಲ್ಲಿ ಅವನು ಮಾಡಿದ ತಪ್ಪುಗಳೆಲ್ಲ ಹೀಗೆ ಒಪ್ಪಿಕೊಂಡವೇ ಆಗಿದ್ದವು.

ಮಧ್ಯಾಹ್ನ ಇಬ್ಬರೂ ಕೆಂಚವೀರಪ್ಪನವರ ಸ್ಕೂಟರಿನಲ್ಲಿ ಹೊರಟರು. ಸುಷ್ಮಾ ಕೊಟ್ಟ ಎರಡು ಕ್ಯಾಮರಾಗಳೂ ನೌಮಾನನ ಕೊರಳಲ್ಲಿ ಜೋತಾಡುತ್ತಿದ್ದವು. ನದಿಯ ದಂಡೆಗೆ ಇಳಿದು, ಮೊದಲು ಉದ್ದ ಮೂತಿಯದನ್ನು ಹಿಡಿದ. ಹೊಳೆಯ ನಡುವೆ ಬಂಡೆಯ ಮೇಲೆ ಒಂದು ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ಜೂಮ್ ಒತ್ತಿದ. ಮೂತಿ ಬೆಳೆಯಿತು. ಇನ್ನೂ ಒತ್ತಿದ. ಇದ್ದಕ್ಕಿದ್ದಂತೆ ಹಕ್ಕಿಯ ಕೊಕ್ಕು ಅವನ ಮೂಗಿಗೇ ಬಂದಂತಾಗಿ, ಬೆಚ್ಚಿಬಿದ್ದು ಹಿಂದೆ ಸರಿದು ಕೆಂಚವೀರಪ್ಪನವರ ಕಾಲು ತುಳಿದ.

ಹಕ್ಕಿ ಹಾರಿತು. ನೌಮಾನ್ ಅದರ ಹಿಂದೆಯೇ ಕ್ಯಾಮರಾ ತಿರುಗಿಸಿದ. ಹಕ್ಕಿ ತಪ್ಪಿಹೋಗಿ ಏನೋ ಕೆಂಪಗೆ ಕಂಡಿತು. ಏನೆಂದು ತಿಳಿಯದೆ ಅದನ್ನೇ ಬಹಳ ಹೊತ್ತು ನೋಡಿದ. ಅದರ ಮೇಲೆ ಒಂದು ಮೂಗುತಿ ಕಂಡಿತು, ಮೂಗುತಿಯ ಮೇಲೆ ಎರಡು ಕಣ್ಣು ಕಂಡವು. ಕಣ್ಣುಗಳು ನೇರ ಅವನನ್ನೇ ನೋಡುತ್ತಿದ್ದವು.

ಅವು ಹುಲಿಗೆಮ್ಮ ಎಂಬ ಹೆಂಗಸಿನ ಕಣ್ಣುಗಳು. ಆಕೆ ದಂಡೆಯ ಆ ತುದಿಯಲ್ಲಿ ಕೆಂಪು ಜಮಖಾನ ಒಗೆಯುತ್ತಿದ್ದಳು. ಜಮಖಾನವನ್ನು ಹಾಗೇ ಹೆಗಲಿಗೆ ಹಾಕಿಕೊಂಡು, ಜೊತೆಯ ಹೆಂಗಸರನ್ನೂ ಕರೆದುಕೊಂಡು ಬಂದಳು. ನಡೆದು ಬರುವ ಉದ್ದಕ್ಕೂ ನೌಮಾನನ ವಂಶವನ್ನು ಮೂರು ತಲೆಯವರೆಗೆ ವಿಚಾರಿಸಿದಳು. ಜನ ಸೇರಿದರು. ನೌಮಾನ್ ಹಕ್ಕಿ, ಹಕ್ಕಿ ಎಂದ. ಯಾವ ಹಕ್ಕಿ ಎಂದು ಯಾರೋ ಕೇಳಿದರು. ಅದು ಹಾರಿಹೋಗಿತ್ತು.

ಆಗ ಕೆಂಚವೀರಪ್ಪನವರು ಅವನನ್ನು ಉಳಿಸಲು ಮುಂದೆ ಬಂದರು. ತಾವು ಸೇತುವೆಯ ತಪಾಸಣೆಗೆ ಬಂದಿರುವುದಾಗಿ, ಇಲಾಖೆಯ ದನಿಯಲ್ಲಿ ಹೇಳಿದರು. ಸುಳ್ಳಿಗೆ ಸ್ವಲ್ಪ ಬಲ ಬರಲೆಂದು ಕ್ಯಾಮರಾ ಇಸಿದುಕೊಂಡು ದೂರದ ಕಂಬವೊಂದರತ್ತ ಹಿಡಿದರು. ಹಿಡಿದವರು ಹಾಗೇ ನಿಂತುಬಿಟ್ಟರು.

"ನೌಮಾನ್, ಬಿರುಕು ಐತಲ್ಲೋ," ಎಂದರು.

ನೌಮಾನ್ ನೋಡಿದ. ನಿಜ. ಕಂಬದ ಮೇಲಿನಿಂದ ನೀರಿನವರೆಗೆ ಕಪ್ಪು ಗೆರೆ ಇಳಿದಿತ್ತು. ಹಿಂದೆ ನಿಂತವರು ಇಣುಕಿದರು, ಅವರ ಹಿಂದಿನವರು ಇಣುಕಿದರು. ಬಿರುಕು ಎಂಬ ಮಾತು ದಂಡೆಯಿಂದ ಮೆಟ್ಟಿಲು ಹತ್ತಿ ರಸ್ತೆಗೆ ಹೋಯಿತು. ಸೇತುವೆಯ ಎರಡೂ ತುದಿಯಲ್ಲಿ ಬಸ್ಸು, ಲಾರಿ, ಮೆಕ್ಕೆಜೋಳದ ಟ್ರಾಕ್ಟರ್ ಎಲ್ಲ ನಿಂತವು. ಗುತ್ತೂರಿನ ಕಡೆಯಿಂದ ಪಾಳಿ ಮುಗಿಸಿ ಬರುತ್ತಿದ್ದ ಕಾರ್ಖಾನೆಯವರು ಸೈಕಲ್ಲು, ಬೈಕು ನಿಲ್ಲಿಸಿ ಸೇತುವೆ ಬೀಳುವುದನ್ನು ನೋಡಲು ಒಳ್ಳೆಯ ಜಾಗ ಹುಡುಕಿಕೊಂಡರು. ಒಬ್ಬ ಕಡಲೆಕಾಯಿ ಮಾರುವವನು ಎಲ್ಲಿಂದಲೋ ಬಂದ.

ಪೊಲೀಸಿನವನೊಬ್ಬ ಸೀಟಿ ಊದುತ್ತ ಇಳಿದು ಬಂದು, ಇದನ್ನು ಮೊದಲು ಕಂಡವರು ಯಾರು ಎಂದು ಕೇಳಿದ. ಎಲ್ಲರೂ ನೌಮಾನನನ್ನು ತೋರಿಸಿದರು. ಕೆಂಚವೀರಪ್ಪನವರೂ ತೋರಿಸಿದರು. ಹತ್ತಿರ ಹೋಗಿ ಸರಿಯಾಗಿ ನೋಡಿಕೊಂಡು ಬಾ, ಮೇಲಿನವರಿಗೆ ನಾನು ಆಮೇಲೆ ಹೇಳುತ್ತೇನೆ ಎಂದು ಪೊಲೀಸಿನವನು ಅವನನ್ನೇ ಕಳಿಸಿದ.

ನೌಮಾನ್ ಉದ್ದ ಮೂತಿಯದನ್ನು ಕೆಂಚವೀರಪ್ಪನವರ ಕೈಗೆ ಕೊಟ್ಟು, ಪ್ಯಾಂಟು ಮಡಚಿ ನೀರಿಗಿಳಿದ. ಸಣ್ಣ ಕ್ಯಾಮರಾವನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡಿದ್ದ. ನೀರು ಮೊದಲು ಮೊಣಕಾಲಿಗೆ ಬಂತು, ಆಮೇಲೆ ಹೆಣ್ಣು ನೋಡಲೆಂದೇ ಹೊಲಿಸಿದ್ದ ಅಂಗಿಗೆ ಬಂತು. ಸೇತುವೆಯ ಕೆಳಗೆ ಮಬ್ಬುಗತ್ತಲು. ಈ ಕ್ಯಾಮರಾಕ್ಕೆ ಜೂಮ್ ಎನ್ನುವುದು ಹೆಸರಿಗಷ್ಟೇ ಇದ್ದುದರಿಂದ ಕಂಬವನ್ನು ಮುಟ್ಟುವಷ್ಟು ಹತ್ತಿರ ಹೋಗಬೇಕಾಯಿತು. ಹೋಗಿ ನೋಡಿದರೆ ಅದು ಬಿರುಕಲ್ಲ. ಮೇಲಿನಿಂದ ಯಾರೋ ಬಿಸಾಡಿದ ಟಿ.ವಿ. ಕೇಬಲ್ಲು ಕಂಬಕ್ಕೆ ಅಂಟಿಕೊಂಡು ಜೋತುಬಿದ್ದಿತ್ತು. ಚಿತ್ರ ತೆಗೆದ. ಆ ಕತ್ತಲಿನಲ್ಲೂ ಕೇಬಲ್ಲು, ಅದರ ಮೇಲೆ ಹರಿಯುತ್ತಿದ್ದ ಇರುವೆ, ಇರುವೆಯ ಬಾಯಲ್ಲಿದ್ದ ಸಕ್ಕರೆಯಂಥದೇನೋ, ಎಲ್ಲವೂ ನಿಚ್ಚಳವಾಗಿ ಬಂದವು. ಬಕೆಟ್ಟಿನ ಮಹಿಮೆ ಅವನಿಗೆ ಆಗ ಮನಸ್ಸಿಗಿಳಿಯಿತು.

ಸೇತುವೆ ಬೀಳುವುದಿಲ್ಲವೆಂದು ತಿಳಿದು ಜನಕ್ಕೆ ತುಸು ಬೇಸರವೇ ಆಯಿತು. ಕೆಲವರು ಆಗಲೇ ನೆಂಟರಿಗೆಲ್ಲ ಫೋನ್ ಮಾಡಿಯಾಗಿತ್ತು. ಪೊಲೀಸಿನವನು ಕೇಬಲ್ಲಿನ ಚಿತ್ರವನ್ನು ಎರಡೆರಡು ಸಲ ನೋಡಿ, ಇನ್ನು ಮುಂದೆ ಈ ಕಡೆ ತಪಾಸಣೆಗೆ ಬರಬೇಡಿ ಎಂದು ಕೆಂಚವೀರಪ್ಪನವರಿಗೆ ಕೈ ಮುಗಿದ. ಅವರು ಉದ್ದ ಮೂತಿಯ ಕ್ಯಾಮರಾವನ್ನು ನೌಮಾನನ ಕೊರಳಿಗೆ ಹಾಕಿ, ಸ್ಕೂಟರ್ ಹತ್ತಿ, ಮನೆಯಲ್ಲಿ ಕೆಲಸವಿದೆ ಎಂದು ದಾವಣಗೆರೆಯ ದಾರಿ ಹಿಡಿದರು. ಹುಲಿಗೆಮ್ಮ ಮಾತ್ರ ಹೋಗುವ ಮುಂಚೆ ನೌಮಾನನ ಮುಂದೆ ನಿಂತಳು.

"ಅಷ್ಟು ದೂರದಿಂದ ನೋಡಿ ಊರೆಲ್ಲ ಗದ್ದಲ ಎಬ್ಬಿಸಿದ್ಯಲ್ಲಪ್ಪ. ಮೊದ್ಲೇ ಹತ್ರ ಹೋಗಿ ನೋಡಿದ್ರೆ ಏನಾಗ್ತಿತ್ತು?"

ನೌಮಾನನಿಗೆ ಉತ್ತರ ಸಿಕ್ಕಿತು. ಒದ್ದೆ ಬಟ್ಟೆಯಲ್ಲೇ, ಬೂಟಿನಿಂದ ಕಪ್ಪೆಯಂತೆ ಸದ್ದು ಬರುತ್ತಿದ್ದರೂ, ಮೌಲಾ ಸಾಬರ ಮನೆಯವರೆಗೆ ಅವನು ಹೆಚ್ಚುಕಡಿಮೆ ಓಡುತ್ತಲೇ ಹೋದ.

ಅಂಗಳದಲ್ಲಿ ಚಹಾ ಸಿದ್ಧವಾಗಿತ್ತು. ಖೈರುನ್ನೀಸಾ ಅಷ್ಟರಲ್ಲಿ ಆ ಮನೆಯವಳೇ ಆಗಿ, ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಅವನ ಅವತಾರ ನೋಡಿ ಎದೆ ಹಿಡಿದುಕೊಂಡಳು. ಅವನು ಕ್ಯಾಮರಾ ಪರೀಕ್ಷೆಗೆಂದು ಹೊಳೆಗಿಳಿದದ್ದನ್ನು ಕೇಳಿ ಮೌಲಾ ಸಾಬರು ಇಂಥ ಹುಡುಗ ಸಿಗುವುದು ಕಷ್ಟ ಎಂದರು. ಸನೋಬರ್ ಒಣಗಿದ ಟವೆಲ್ ತಂದುಕೊಟ್ಟು ಎದುರಿಗೆ ಕೂತಳು.

"ಸಣ್ಣದು ತಗೊಳ್ರಿ," ಎಂದ ನೌಮಾನ್. ಚಳಿಗೆ ಟವೆಲ್ಲನ್ನು ಹೆಗಲಿಗೆ ಸುತ್ತಿಕೊಂಡ. "ಉದ್ದ ಮೂತಿಯದ್ರಾಗೆ ದೂರದ್ದು ಕಾಣ್ತೈತೆ, ಆದ್ರೆ ಕಂಡಿದ್ದು ಏನು ಅಂತ ತಿಳಿಯಲ್ಲ. ಸಣ್ಣದ್ರಾಗೆ ಹತ್ರ ಹೋಗ್ಬೇಕಾಗ್ತೈತೆ. ಹತ್ರ ಹೋದ್ರೇ ಗೊತ್ತಾಗಾದು."

ಸನೋಬರ್ ಕೇಬಲ್ಲಿನ ಚಿತ್ರ ನೋಡಿದಳು. ಇರುವೆಯನ್ನು ದೊಡ್ಡದು ಮಾಡಿ ನೋಡಿದಳು. ಮೆಹಂದಿಗೆ ಇದೇ ಸರಿ ಎಂದಳು. ಆಮೇಲೆ, ಹಕ್ಕಿಗೆ ಮಾತ್ರ ಉದ್ದದ್ದೇ ಬೇಕು, ಹಕ್ಕಿಯ ಹತ್ತಿರ ಹೋಗಲು ಆಗುವುದಿಲ್ಲವಲ್ಲ ಎಂದು ಯೋಚಿಸಿದಳು. ಯೋಚಿಸುತ್ತಿದ್ದವಳ ಮುಖ ಇದ್ದಕ್ಕಿದ್ದಂತೆ ಬೆಳಗಿತು.

"ಹಂಗಾದ್ರೆ ನಮ್ಮ ಮನೇಲಿ ಎರಡೂ ಇರ್ಬೇಕು," ಎಂದಳು.

ನಮ್ಮ ಮನೆ. ನೌಮಾನನಿಗೆ ಚಳಿ ಬಿಟ್ಟುಹೋಯಿತು. ಮನಸ್ಸಿನಲ್ಲೇ ಆ ಮನೆಗೆ ಸುಣ್ಣ ಬಳಿದು, ಒಂದು ಗೂಡಿನಲ್ಲಿ ಸಣ್ಣ ಕ್ಯಾಮರಾ, ಇನ್ನೊಂದರಲ್ಲಿ ದೊಡ್ಡದನ್ನು ಇಟ್ಟ. ಖೈರುನ್ನೀಸಾ ಬೆಳ್ಳುಳ್ಳಿ ಬಿಟ್ಟು ಸೆರಗು ಸರಿಮಾಡಿಕೊಂಡಳು.

ಮೌಲಾ ಸಾಬರು ನಿಟ್ಟುಸಿರು ಬಿಟ್ಟು, ಅಂತೂ ಇತ್ಯರ್ಥವಾಯಿತು ಎಂದರು. ಹೋದ ವಾರ ಹುಡುಗಿಯನ್ನು ನೋಡಲು ಅಮ್ಜದ್ ಎಂಬ ಹುಡುಗ ಬಂದಿದ್ದನಂತೆ. ಗುತ್ತೂರಿನ ಕಾರ್ಖಾನೆಯೊಂದರಲ್ಲಿ ಕೆಲಸ. ಅವನಿಗೂ ಸನೋಬರ್ ಇದೇ ಪ್ರಶ್ನೆ ಕೇಳಿದ್ದಳು. ಅವನು ಬ್ರಿಡ್ಜ್ ಕ್ಯಾಮರಾನೇ ಒಳ್ಳೆಯದು ಎಂದು ಹೇಳಿ ಹೋಗಿದ್ದ, ಯಾಕೆಂದರೆ ಅವನ ಬಳಿ ಅದು ಇತ್ತು.

"ಅವರ ಹತ್ರ ದೊಡ್ಡದು ಐತಲ್ರಿ," ಎಂದಳು ಸನೋಬರ್, ನೌಮಾನನಿಗೆ ತಿಳಿಯಲಿಲ್ಲವೇನೋ ಎಂದು ಬಿಡಿಸಿ. "ನಾನು ಸಣ್ಣದು ತಗೊಂಡ್ರೆ ಎರಡೂ ಆದಂಗಾತು. ನೀವೂ ದೊಡ್ಡದೇ ಅಂದಿದ್ರೆ, ನಿಮ್ಮಿಬ್ಬರಾಗೆ ಯಾರು ಅಂತ ಮತ್ತೆ ಯೋಚನೆ ಮಾಡ್ಬೇಕಾಗ್ತಿತ್ತು."

ಖೈರುನ್ನೀಸಾ ಬೆಳ್ಳುಳ್ಳಿಯ ಬುಟ್ಟಿಯನ್ನು ದೂರ ತಳ್ಳಿದಳು. ನೌಮಾನ್ ಚಹಾ ಕುಡಿದ.

ಮೌಲಾ ಸಾಬರು ತಡಮಾಡುವವರಲ್ಲ. ಕೂಡಲೇ ಫೋನ್ ಮಾಡಿದರು. ಚಹಾ ಮುಗಿಯುವ ಮುಂಚೆಯೇ ಅಮ್ಜದ್ ಬೈಕಿನಲ್ಲಿ ಬಂದಿಳಿದ. ಕೊರಳಲ್ಲಿ ಉದ್ದ ಮೂತಿಯ ಕ್ಯಾಮರಾ. ಒಳ್ಳೆಯ ಹುಡುಗ. ನೌಮಾನನ ಕೈ ಹಿಡಿದು ಥ್ಯಾಂಕ್ಸ್ ಅಂದ. ಈ ಗಳಿಗೆಯ ಒಂದು ಫೋಟೊ ಇರಲಿ ಎಂದು ಮನೆಯವರೆಲ್ಲ ಹೇಳಿದರು. ಯಾರು ತೆಗೆಯಬೇಕು ಎಂಬ ಚರ್ಚೆ ನಡೆಯಲೇ ಇಲ್ಲ. ಅಮ್ಜದ್ ತನ್ನ ಕ್ಯಾಮರಾವನ್ನೇ ನೌಮಾನನ ಕೊರಳಿಗೆ ಹಾಕಿದ. ಅವನ ಕೊರಳಲ್ಲಿ ಈಗ ಮೂರು ಕ್ಯಾಮರಾಗಳಾದವು.

ಸನೋಬರ್ ಮತ್ತು ಅಮ್ಜದ್ ಬಾಗಿಲ ಮುಂದೆ ಅಕ್ಕಪಕ್ಕ ನಿಂತರು. ಮೌಲಾ ಸಾಬರು ಟೊಪ್ಪಿಗೆ ಸರಿಮಾಡಿಕೊಂಡು ಹಿಂದೆ ನಿಂತರು. ನೌಮಾನ್ ಕಣ್ಣಿಗೆ ಕ್ಯಾಮರಾ ಹಿಡಿದ.

"ಇಷ್ಟು ಹತ್ರ ಬ್ಯಾಡ್ರಿ," ಎಂದ ಅಮ್ಜದ್, ವಿನಯದಿಂದಲೇ. "ಇದ್ರಾಗೆ ದೂರದಿಂದ ತೆಗೆದ್ರೇ ಮುಖ ಚೆಂದ ಬರ್ತಾವೆ. ಸ್ವಲ್ಪ ಹಿಂದಕ್ಕೆ ಹೋಗ್ರಿ."

ನೌಮಾನ್ ಅಂಗಳದ ತುದಿಗೆ ಹೋದ. ಇನ್ನೂ ಸ್ವಲ್ಪ ಎಂದ ಅಮ್ಜದ್. ನೌಮಾನ್ ಗೇಟು ದಾಟಿದ. ಈಗ ಸರಿ ಅನ್ನಿಸ್ತಾ ಐತೆ, ಇನ್ನೊಂದು ಚೂರು ಎಂದಳು ಸನೋಬರ್. ಅವನು ರಸ್ತೆಗಿಳಿದ. ಒಂದು ಆಟೋ ಅವನಿಗಾಗಿ ನಿಂತು, ಬೈದು, ಹೋಯಿತು. ಹಿಮ್ಮುಖವಾಗಿ ರಸ್ತೆ ದಾಟಿ, ಎದುರು ಮನೆಯ ಕಾಂಪೌಂಡಿಗೆ ಬೆನ್ನು ತಾಗಿದಾಗ ನಿಂತ. ಅಲ್ಲಿಂದ ಅವರ ಮಾತು ಕೇಳುತ್ತಿರಲಿಲ್ಲ. ಸನೋಬರ್ ಮಾತ್ರ ಕೈ ಬೀಸುತ್ತಿದ್ದಳು, ಇನ್ನೂ ಹಿಂದಕ್ಕೆ ಎಂಬಂತೆ.

ನೌಮಾನ್ ಎದುರು ಮನೆಯವರ ಗೇಟು ತೆಗೆದು ಒಳಗೆ ಹೋದ.