ನೆರವು ಸಾಧನ ನಲ್ಲಪ್ಪ

ಅಂಗವಿಕಲರ ನೆರವಿಗೆ ಪೂರ್ವಾನುಮೋದನೆ ನೀಡುವ ಕಚೇರಿಯನ್ನು ೧೯೮೧ರಲ್ಲಿ ಪೀಣ್ಯದ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ ತೆರೆಯಲಾಯಿತು. ನೆಲಮಹಡಿಯನ್ನು ಕಡತಗಳ ಬೀರುಗಳಿಗೆ ಮೀಸಲಿಡಲಾಗಿತ್ತು. ಬೀರುಗಳಿಗೆ ಮೆಟ್ಟಿಲು ಹತ್ತಲು ಬರುವುದಿಲ್ಲ ಎಂಬುದು ಎಲ್ಲರಿಗೂ ತಿಳಿದ ವಿಷಯವೇ.

ಬಾಗಲಗುಂಟೆಯ ಚಿಕ್ಕಬೈರಪ್ಪನ ಎರಡು ಕಾಲುಗಳ ಮೇಲೂ ಕಾರ್ಖಾನೆಯಲ್ಲಿ ಕಬ್ಬಿಣದ ತಗಡಿನ ಸುರುಳಿ ಉರುಳಿ ಆರು ತಿಂಗಳಾಗಿತ್ತು. ಮ್ಯಾನೇಜರು ದೊಡ್ಡ ಮನಸ್ಸಿನವರು. ಗೇಟಿನಲ್ಲಿ ಕೂತು ಹಾಜರಿ ಬರೆಯುವ ಕೆಲಸ ಕೊಡೋಣ, ಆದರೆ ಒಂದನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಗೇಟಿನಲ್ಲಿರಬೇಕು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ಮನೆಗೂ ಗೇಟಿಗೂ ಎರಡು ಮೈಲಿ. ಕೈಯಿಂದ ತಿರುಗಿಸಿಕೊಂಡು ಹೋಗುವ ಮೂರು ಗಾಲಿಯ ಸೈಕಲ್ಲೊಂದು ಸಿಕ್ಕರೆ ಕೆಲಸ ಉಳಿಯುತ್ತಿತ್ತು. ಅಂಥ ಸೈಕಲ್ಲನ್ನು ಸರ್ಕಾರ ಪುಕ್ಕಟೆ ಕೊಡುತ್ತಿತ್ತು, ಪೂರ್ವಾನುಮೋದನೆ ಒಂದಿದ್ದರಾಯಿತು.

ಅರ್ಜಿದಾರ ಖುದ್ದು ಹಾಜರಾಗತಕ್ಕದ್ದು ಎಂದು ನಿಯಮವಿತ್ತು. ಚಿಕ್ಕಬೈರಪ್ಪ ಹೆಂಡತಿಯ ತಮ್ಮ ನಲ್ಲಪ್ಪನ ಬೆನ್ನೇರಿ ಬಂದ. ನಲ್ಲಪ್ಪ ಯಶವಂತಪುರದಲ್ಲಿ ಮೂಟೆ ಹೊರುತ್ತಿದ್ದ ಆಳು. ಬಾವನನ್ನು ಹೊರುವುದೆಂದರೆ ಅವನಿಗೆ ರಜಾ ಸಿಕ್ಕ ಹಾಗೆ.

ಗುಮಾಸ್ತ ದಾಸಪ್ಪ ಕನ್ನಡಕ ಮೇಲೇರಿಸಿ ನೋಡಿದ.

"ಮೇಲಕ್ಕೆ ಹೆಂಗೆ ಬಂದ್ರಿ?"

"ಇವನ ಬೆನ್ಮೇಲೆ ಸಾರ್."

"ಅಂದ್ರೆ ನೆರವು ತಗೊಂಡ್ರಿ. ಪೂರ್ವಾನುಮೋದನೆ ಎಲ್ಲಿ?"

"ಅದಕ್ಕೇ ಬಂದಿರೋದು ಸಾರ್."

ದಾಸಪ್ಪ ಹನ್ನೊಂದನೆಯ ನಿಯಮವನ್ನು ಓದಿ ಹೇಳಿದ: ಪೂರ್ವಾನುಮೋದನೆಯಿಲ್ಲದೆ ಯಾವುದೇ ನೆರವು ಪಡೆದವರು ಮುಂದಿನ ಸಕಲ ನೆರವಿಗೂ ಅನರ್ಹರು.

"ಅಂಗಾದ್ರೆ ನಾನು ಎಂಗೆ ಬರ್ಬೇಕಿತ್ತು?"

"ನಡ್ಕೊಂಡು ಬಂದವರೂ ಇದಾರಪ್ಪ. ನೀವು ಅಂಗವಿಕಲರಲ್ಲ ಅಂತ ಅವರಿಗೆ ಅವತ್ತೇ ಹಿಂಬರಹ ಕೊಟ್ಟಿದೀವಿ. ತಡ ಮಾಡೋ ಆಫೀಸಲ್ಲ ಇದು."

ದಾಸಪ್ಪ ಕೆಟ್ಟವನಲ್ಲ. ದಾರಿಯನ್ನೂ ಅವನೇ ತೋರಿಸಿದ. ನಲ್ಲಪ್ಪನನ್ನೇ ನೆರವು ಸಾಧನವೆಂದು ಹಿಂದಿನ ದಿನದ ತಾರೀಖಿನಿಂದ ಮಂಜೂರು ಮಾಡಿಸಿಕೊಂಡರೆ ಇವತ್ತು ಹತ್ತಿ ಬಂದದ್ದು ತಪ್ಪಾಗುವುದಿಲ್ಲ. ಆಮೇಲೆ ಸೈಕಲ್ಲಿನ ಅರ್ಜಿ. ನಮೂನೆ ತೆಗೆದು ಬರೆಯತೊಡಗಿದ.

"ತಯಾರಾದ ವರ್ಷ?"

"ನಮ್ಮವ್ವಂಗೇ ಗೊತ್ತಿಲ್ಲ," ಎಂದ ನಲ್ಲಪ್ಪ.

"ಸಾಧನ ಮಾತಾಡೋ ಹಂಗಿಲ್ಲ. ಚಿಕ್ಕಬೈರಪ್ಪ, ನೀವು ಹೇಳಿ. ಸ್ಥಿತಿ?"

ಎಷ್ಟಾದರೂ ಹೆಂಡತಿಯ ತಮ್ಮ. ಚಿಕ್ಕಬೈರಪ್ಪ ಬಿಟ್ಟುಕೊಡಲಿಲ್ಲ. "ಗಟ್ಟಿಮುಟ್ಟು ಅಂತ ಬರ್ಕೊಳ್ಳಿ ಸಾರ್. ಇನ್ನೂ ಇಪ್ಪತ್ತು ವರ್ಷ ಏನೂ ಆಗಲ್ಲ."

ಯಾವ ಸಾಧನವನ್ನೂ ಮೂರರಲ್ಲಿ ಒಂದಾಗಿ ಆರಿಸಬೇಕು ಎಂದಿದ್ದುದರಿಂದ ಇನ್ನಿಬ್ಬರು ಮೂಟೆಯಾಳುಗಳನ್ನು ಕರೆಸಲಾಯಿತು. ಮೂವರೂ ಚಿಕ್ಕಬೈರಪ್ಪನನ್ನು ಹೊತ್ತು ಮೆಟ್ಟಿಲು ಹತ್ತಿ ಇಳಿದರು. ಒಬ್ಬನಿಗೆ ಏದುಸಿರು, ಇನ್ನೊಬ್ಬನಿಗೆ ಪಕ್ಕೆ ಮುಟ್ಟಿದರೆ ಕಚಗುಳಿ. ನಲ್ಲಪ್ಪ ಆಯ್ಕೆಯಾದ. ಸರ್ಕಾರಿ ಕುರ್ಚಿ ಮೇಜುಗಳಿಗೆ ಬರೆಯುವ ಬಿಳಿ ಬಣ್ಣದಲ್ಲಿ ಅವನ ಅಂಗಿಗೂ ಸಂಖ್ಯೆ ಬರೆದರು. ಬೆನ್ನಿನ ಮೇಲೆ ಬರೆದರೆ ಬಳಕೆಯ ಹೊತ್ತಿನಲ್ಲಿ ಮುಚ್ಚಿಹೋಗುತ್ತದೆಂದು ಎದೆಯ ಮೇಲೆ ಬರೆದರು. ಕಚೇರಿ ಯೋಚನೆ ಮಾಡಿ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಇಪ್ಪತ್ತೊಂಬತ್ತನೇ ತಾರೀಖು ಸೈಕಲ್ಲಿನ ಅರ್ಜಿ ಕೈಗೆತ್ತಿಕೊಂಡ ದಾಸಪ್ಪ ತುಸು ಹೊತ್ತು ಓದಿ ಮಡಿಸಿಟ್ಟ.

"ಒಬ್ಬರಿಗೆ ಒಂದೇ ಸಾಧನ. ನಿಮಗೆ ಆಗಲೇ ಒಂದು ಮಂಜೂರಾಗಿದೆಯಲ್ಲ. ಇದು ಕೆಟ್ಟ ಮೇಲೆ ಬನ್ನಿ."

"ಯಾವಾಗ ಕೆಡ್ತದೆ ಸಾರ್?"

"ಇಪ್ಪತ್ತು ವರ್ಷ ಏನೂ ಆಗಲ್ಲ ಅಂತ ನೀವೇ ಬರೆಸಿದೀರಿ."

ಮಾರನೆಯ ದಿನ ನಲ್ಲಪ್ಪನ ಹೆಂಡತಿ ಸೊಣ್ಣಮ್ಮ ಮೆಟ್ಟಿಲು ಹತ್ತಿ ಬಂದಳು. ಸರ್ಕಾರಿ ಸಾಧನದ ಮೇಲೆ ಖಾಸಗಿ ಮೂಟೆ ಹೇರುವಂತಿಲ್ಲವೆಂದು ಗಂಡನಿಗೆ ನೋಟೀಸು ಬಂದಿತ್ತು.

"ಅಂಗಾದ್ರೆ ಅವನಿಗೆ ಇಟ್ಟು ಆಕೋರು ಯಾರು ಸ್ವಾಮಿ?"

"ಎಣ್ಣೆ, ಗ್ರೀಸು, ರಿಪೇರಿ ಎಲ್ಲಾ ಬಳಸೋರ ಹೊಣೆ ಕಣಮ್ಮ. ನಿಮ್ಮ ಯಜಮಾನರ ಬಾವನವರನ್ನ ಕೇಳಿ."

ಸೊಣ್ಣಮ್ಮ ಕೇಳಿದಳು. ಚಿಕ್ಕಬೈರಪ್ಪ ಒಪ್ಪಿದ. ಒಪ್ಪದಿದ್ದರೆ ಒಂದನೇ ತಾರೀಖು ಗೇಟಿಗೆ ಹೋಗುವುದು ಹೇಗೆ?

ಎಂಟಕ್ಕೆ ಐದು ನಿಮಿಷವಿರುವಾಗಲೇ ಅವರು ಗೇಟಿನಲ್ಲಿದ್ದರು. ಕೆಲಸ ಸಿಕ್ಕಿತು. ವಾಚ್‌ಮನ್ ಹನುಮಂತಯ್ಯ ಮಂಜೂರಾತಿ ಪತ್ರವನ್ನು ಎರಡು ಸಲ ಓದಿದ. "ಸಾಧನ ಅಂತ ಇದೆ. ಸಾಧನ ಎಲ್ಲಾ ಸೈಕಲ್ ಸ್ಟ್ಯಾಂಡಿಗೆ," ಎಂದು ಚಿಕ್ಕಬೈರಪ್ಪನ ಕೈಗೆ ತಗಡಿನ ಟೋಕನ್ನೊಂದನ್ನು ಕೊಟ್ಟ. ನಲ್ಲಪ್ಪ ಎರಡು ಸೈಕಲ್ಲುಗಳ ನಡುವೆ ನೆರಳು ನೋಡಿ ಕೂತ. ಸಂಜೆ ಟೋಕನ್ ಕೊಟ್ಟರೆ ನಲ್ಲಪ್ಪ ವಾಪಸ್. ತಿಂಗಳೊಳಗೆ ಇದನ್ನು ಯಾರೂ ತಿರುಗಿ ನೋಡದಂತಾಯಿತು.

ಒಂದು ಸಂಜೆ ಟೋಕನ್ ಕಾಣೆಯಾಯಿತು.

"ಇವನು ನನ್ನ ಬಾಮೈದ ಅಂತ ನಿನಗೆ ಗೊತ್ತಿಲ್ವೇನಯ್ಯ? ಅವನ್ನೇ ಕೇಳು."

"ಸಾಧನದ ಹೇಳಿಕೆ ನಡೆಯಲ್ಲ ಕಣಣ್ಣ. ಟೋಕನ್ ಇಲ್ದೆ ಬಿಟ್ರೆ ನಾಳೆ ಯಾರ್ಯಾರೋ ಬಂದು ಹತ್ಕೊಂಡು ಹೋಗ್ತಾರೆ. ಅರ್ಜಿ ಬರೆದು ಕೊಡು, ಸಾಹೇಬರು ಬಂದ ಮೇಲೆ ನೋಡೋಣ."

ಚಿಕ್ಕಬೈರಪ್ಪ ಸ್ಟ್ಯಾಂಡಿನ ಕಡೆ ನೋಡಿದ. ನಲ್ಲಪ್ಪ ಪಕ್ಕದ ಸೈಕಲ್ಲನ್ನು ಸ್ವಲ್ಪ ಸರಿಸಿ ಬಾವನಿಗೆ ಕೂರಲು ಜಾಗ ಮಾಡುತ್ತಿದ್ದ.

"ಅವ್ರು ಏಳೋದೂ ಸರೀನೇ ಬಾವ," ಎಂದ. "ನಾಳೆ ಯಾರಾದ್ರೂ ನನ್ನ ಕದ್ಕೊಂಡೋದ್ರೆ?"